ಒಂಬತ್ತನೇ ನಿಮಿಷಕ್ಕೆ 150 ರೂಪಾಯಿ

ದೇವನಹಳ್ಳಿ ವಿಮಾನ ನಿಲ್ದಾಣ ಅಂದರೆ ಚಿಕ್ಕಬಳ್ಳಾಪುರ ಜಿಲ್ಲೆಯವರಿಗೆ ಪಕ್ಕದ ಮನೆ ಇದ್ದ ಹಾಗೆ. ಹೆದ್ದಾರಿಯಲ್ಲಿ ಬೆಂಗಳೂರಿಗೆ ಹೋಗೋ ಬಸ್ಸಿನಲ್ಲಿ ಕೂತವರ ತಲೆ ಮೇಲೇ ವಿಮಾನ ಇಳಿಯುತ್ತೆ. ಗಲ್ಫ್‌ಗೆ ದುಡಿಯೋಕೆ ಹೊರಟ ಗೌರಿಬಿದನೂರಿನ ಹುಡುಗ, ಅಮೆರಿಕದಲ್ಲಿರೋ ಮಗಳ ಬಾಣಂತನಕ್ಕೆ ಹೊರಟ ಚಿಂತಾಮಣಿಯ ತಾಯಿ, ಹಜ್ ಮುಗಿಸಿಕೊಂಡು ಬರೋ ಶಿಡ್ಲಘಟ್ಟದ ಹಿರಿಯರು, ಎಲ್ಲರಿಗೂ ಅದೇ ಬಾಗಿಲು. ಆದರೆ ಪಕ್ಕದ ಮನೆಯ ಬಾಗಿಲಲ್ಲಿ ನಿಲ್ಲೋದಕ್ಕೂ ಈಗ ಗಡಿಯಾರ ಕಟ್ಟಿದ್ದಾರೆ.

2025ರ ಡಿಸೆಂಬರ್‌ನಲ್ಲಿ ಬೆಂಗಳೂರು ವಿಮಾನ ನಿಲ್ದಾಣದ ಕಂಪೆನಿ ಪ್ರಕಟಿಸಿದ ಲೆಕ್ಕ ಹೀಗಿತ್ತು. ಬಂದಿಳಿದವರನ್ನು ಹತ್ತಿಸಿಕೊಳ್ಳಲು ಟರ್ಮಿನಲ್ ಮುಂದಿನ ಲೇನಿಗೆ ಬರುವ ಖಾಸಗಿ ಕಾರಿಗೆ ಮೊದಲ 8 ನಿಮಿಷ ಪುಕ್ಕಟೆ. ಎಂಟು ಕಳೆದು ಹದಿಮೂರರೊಳಗೆ ಹೊರಟರೆ 150 ರೂಪಾಯಿ. ಹದಿಮೂರು ಕಳೆದು ಹದಿನೆಂಟರೊಳಗೆ ಆದರೆ 300. ಅದನ್ನೂ ಮೀರಿದರೆ ಗಾಡಿಯನ್ನೇ ಎಳೆದುಕೊಂಡು ಹೋಗುತ್ತಾರೆ, ದಂಡ ಬೇರೆ. ಇದು ಬಿಳಿ ಬೋರ್ಡಿನವರ ಕಥೆ. ಹಳದಿ ಬೋರ್ಡಿನ ಟ್ಯಾಕ್ಸಿಗೆ ಆ ಲೇನೇ ಇಲ್ಲ. ಅವರು ನಿಗದಿ ಮಾಡಿದ ಪಾರ್ಕಿಂಗ್ ಅಂಗಳಕ್ಕೆ ಹೋಗಬೇಕು, ಅಲ್ಲಿ ಮೊದಲ 10 ನಿಮಿಷ ಬಿಟ್ಟಿ, ಆಮೇಲೆ ಮೀಟರು ಓಡುತ್ತೆ. ಗಿರಾಕಿ ತನ್ನ ಪೆಟ್ಟಿಗೆ ತಳ್ಳಿಕೊಂಡು ಅಲ್ಲಿಗೆ ನಡೆದು ಬರಬೇಕು.

ಒಂದು ಮಾತು ಮೊದಲೇ ಹೇಳಿಬಿಡಬೇಕು. ಈ ದರ ಬಂದವರನ್ನು ಕರೆದುಕೊಂಡು ಹೋಗುವ ಲೇನಿಗೆ ಹಾಕಿದ್ದು. ಹೊರಡುವವರನ್ನು ಮೇಲಿನ ಬಾಗಿಲಿಗೆ ಬಿಟ್ಟು ಬರೋರ ಮೇಲೆ ಹಾಕಿದ್ದಲ್ಲ. ಊರಲ್ಲಿ ಎರಡನ್ನೂ ಕಲಸಿ ‘ಏರ್‌ಪೋರ್ಟಿಗೆ ಹೋದರೇ ದುಡ್ಡಂತೆ’ ಅಂತ ಸುದ್ದಿ ಹಬ್ಬಿದೆ. ಹಾಗಿಲ್ಲ. ಕಳಿಸೋದಕ್ಕೆ ಖರ್ಚಿಲ್ಲ. ಕರೆತರೋದಕ್ಕೆ ಖರ್ಚು.

ಎಂಟು ನಿಮಿಷ ಏನು ಕಮ್ಮಿಯೇ ಅಂತ ಕೇಳಬಹುದು. ಸ್ವಂತ ಕಾರಿದ್ದು, ತಿಂಗಳಿಗೆ ಎರಡು ಸಲ ಮುಂಬಯಿಗೆ ಹೋಗಿ ಬರೋ ಸಾಹೇಬರಿಗೆ ಎಂಟು ನಿಮಿಷ ಧಾರಾಳ. ಕೈಯಲ್ಲಿ ಒಂದೇ ಚೀಲ, ಕಂಬದ ನಂಬರು ಬಾಯಿಪಾಠ, ಡ್ರೈವರಿಗೆ ಒಂದು ಫೋನು, ಕಾರು ಬಂತು, ಬಾಗಿಲು ತೆಗೆದರು, ಹೊರಟರು. ಎರಡು ನಿಮಿಷದ ಕೆಲಸ.

ಈಗ ಲೆಕ್ಕಕ್ಕೆ ಇನ್ನೊಂದು ಸಂಸಾರ ಇಟ್ಟುಕೊಳ್ಳಿ. ಮಗಳ ಮನೆಯಲ್ಲಿ ಆರು ತಿಂಗಳು ಇದ್ದು ಬರುತ್ತಿರುವ ತಾಯಿ. ವಯಸ್ಸು ಅರವತ್ತೈದು. ಮೊಣಕಾಲು ನೋವು. ಎರಡು ದೊಡ್ಡ ಪೆಟ್ಟಿಗೆ, ಒಂದು ಕೈಚೀಲ. ಕರೆದುಕೊಂಡು ಹೋಗೋಕೆ ಚಿಂತಾಮಣಿಯಿಂದ ತಮ್ಮ ಬಂದಿದ್ದಾನೆ, ಜೊತೆಗೆ ಮೊಮ್ಮಕ್ಕಳಿಬ್ಬರು. ರಾತ್ರಿ ಹನ್ನೊಂದು ಗಂಟೆ.

‘ಅಕ್ಕಾ, ಎಲ್ಲಿದ್ದೀಯಾ?’

‘ಇಲ್ಲೇ ಇದ್ದೀನಪ್ಪಾ, ಬಾಗಿಲ ಹತ್ರ.’

‘ಯಾವ ಬಾಗಿಲು?’

‘ಗಾಜಿನ ಬಾಗಿಲು ಕಣೋ.’

ಅಲ್ಲಿರೋ ಬಾಗಿಲೆಲ್ಲ ಗಾಜಿನವೇ! ಈ ಮಾತು ಮುಗಿಯೋ ಹೊತ್ತಿಗೆ ಮೂರು ನಿಮಿಷ ಹೋಯಿತು. ತಮ್ಮ ನಿಂತಿರೋದು 1ನೇ ಟರ್ಮಿನಲ್ ಮುಂದೆ ಅಂತ ಗೊತ್ತಾಗೋಕೆ ಇನ್ನೆರಡು ನಿಮಿಷ. 2023ರ ಸೆಪ್ಟೆಂಬರ್‌ನಿಂದ ಹೊರದೇಶದ ವಿಮಾನಗಳೆಲ್ಲ 2ನೇ ಟರ್ಮಿನಲ್‌ಗೆ ಹೋದವು. ವರ್ಷಕ್ಕೊಮ್ಮೆ ಹೋಗೋರಿಗೆ ಇದು ಹೇಗೆ ನೆನಪಿರಬೇಕು? ಒಂದು ಸುತ್ತು ಹಾಕಿ ಆ ಕಡೆಗೆ ಬಂದು, ಪೆಟ್ಟಿಗೆ ಹುಡುಕಿ, ಅಕ್ಕನ ಕೈ ಹಿಡಿದು ಕೂರಿಸಿ, ಡಿಕ್ಕಿ ಮುಚ್ಚೋ ಹೊತ್ತಿಗೆ ಗಡಿಯಾರ ಎಲ್ಲಿಗೆ ಹೋಗಿರುತ್ತೆ ಅಂತ ಬೇರೆ ಹೇಳಬೇಕಿಲ್ಲ. ಮೊಮ್ಮಗು ಅಜ್ಜಿಯನ್ನು ತಬ್ಬಿಕೊಂಡರೆ ಅದಕ್ಕೂ ಅರ್ಧ ನಿಮಿಷ ಖರ್ಚಿಗೆ ಬರೆದುಕೊಳ್ಳಬೇಕು.

ಮೊತ್ತ ದೊಡ್ಡದೋ ಚಿಕ್ಕದೋ ಅನ್ನೋದಕ್ಕೆ ಒಂದು ಅಳತೆ ಬೇಕಲ್ಲ. 2025-26ರಲ್ಲಿ ಕರ್ನಾಟಕದಲ್ಲಿ ಉದ್ಯೋಗ ಖಾತರಿ ಕೂಲಿ ದಿನಕ್ಕೆ 370 ರೂಪಾಯಿ. ಬಿಸಿಲಲ್ಲಿ ಕೆರೆ ಹೂಳೆತ್ತಿದರೆ ಸಿಗೋ ದಿನದ ಕೂಲಿಯಲ್ಲಿ ಹೆಚ್ಚುಕಮ್ಮಿ ಐದನೇ ನಾಲ್ಕು ಪಾಲು, ಕಾರು ಹದಿನಾಲ್ಕು ನಿಮಿಷ ನಿಂತದ್ದಕ್ಕೆ. ವಿಮಾನದಲ್ಲಿ ಬಂದವರಿಗೆ ಇದೇನು ಮಹಾ ಅನ್ನೋರಿದ್ದಾರೆ. ಗಲ್ಫ್‌ನಲ್ಲಿ ದುಡಿಯೋ ಹುಡುಗರ ಪೈಕಿ ಬಹಳ ಮಂದಿ ಟಿಕೆಟ್ಟಿಗೇ ಸಾಲ ಮಾಡಿದವರು ಅನ್ನೋದು ಅವರಿಗೆ ಗೊತ್ತಿರೋಲ್ಲ.

ಬೋರ್ಡಿನ ಬಣ್ಣ

ನಿಜವಾದ ಕಿತಾಪತಿ ಇರೋದು 150ರಲ್ಲಿ ಅಲ್ಲ, ಬೋರ್ಡಿನ ಬಣ್ಣದಲ್ಲಿ.

ಮೇಲೆ ಹೇಳಿದ ಸಂಸಾರದ ತಮ್ಮನಿಗೆ ಸ್ವಂತ ಕಾರಿದೆ ಅಂತ ಇಟ್ಟುಕೊಂಡು ಲೆಕ್ಕ ಹಾಕಿದ್ದಾಯಿತು. ಸ್ವಂತ ಕಾರು ಇಲ್ಲದಿದ್ದರೆ? ಊರಿನ ಟ್ಯಾಕ್ಸಿ ಸ್ಟ್ಯಾಂಡಿನಿಂದ ಬಾಡಿಗೆ ಗಾಡಿ ಮಾಡಿಕೊಂಡು ಬರುತ್ತಾನೆ. ಅದು ಹಳದಿ ಬೋರ್ಡು. ಅಂದರೆ ಆ ಗಾಡಿ ಬಾಗಿಲಿನ ಮುಂದಿನ ಲೇನಿಗೆ ಬರೋಹಾಗಿಲ್ಲ. ಮೊಣಕಾಲು ನೋವಿನ ತಾಯಿ ಪೆಟ್ಟಿಗೆ ಸಮೇತ ಪಾರ್ಕಿಂಗ್ ಅಂಗಳದ ತನಕ ನಡೆಯಬೇಕು. ಕಾರು ಇದ್ದವನ ಕಾರು ಬಾಗಿಲಿಗೆ ಬರುತ್ತೆ, ಕಾರು ಇಲ್ಲದವನು ಕಾರಿನ ಹತ್ತಿರಕ್ಕೆ ನಡೆಯುತ್ತಾನೆ. ಇಂಥ ನಿಯಮವನ್ನು ಸಂತೆ ಮೈದಾನದ ಸುಂಕ ಗುತ್ತಿಗೆದಾರ ಮಾಡಿದ್ದರೆ ಜನ ಅಲ್ಲೇ ನಿಂತು ಜಗಳ ತೆಗೀತಿದ್ದರು. ಗಾಜಿನ ಕಟ್ಟಡದಲ್ಲಿ ಮಾಡಿದ್ದಕ್ಕೆ ‘ವ್ಯವಸ್ಥೆ’ ಅನ್ನೋ ಹೆಸರು ಬಂತು.

ಇದು ಮೊದಲ ಸಲವೂ ಅಲ್ಲ. 2024ರ ಮೇ ತಿಂಗಳಲ್ಲಿ ಇದೇ ಪ್ರಯೋಗ ಇನ್ನೂ ಒರಟಾಗಿ ನಡೆದಿತ್ತು. ಆಗ ಬಿಳಿ ಬೋರ್ಡಿಗೆ 7 ನಿಮಿಷ ಮೀರಿದರೆ 150 ರೂಪಾಯಿ. ಹಳದಿ ಬೋರ್ಡಿಗೆ ಹೋದ ತಕ್ಷಣ, ಮೊದಲ ನಿಮಿಷದಿಂದಲೇ 150, ಏಳು ಕಳೆದರೆ 300. ಟೆಂಪೊ ಟ್ರಾವೆಲರ್‌ಗೆ 300, ಬಸ್ಸಿಗೆ 600. ಅಂದರೆ ಹತ್ತಾರು ಜನರನ್ನು ಒಟ್ಟಿಗೆ ತುಂಬಿಕೊಂಡು ರಸ್ತೆ ಹಗುರ ಮಾಡೋ ಬಸ್ಸಿಗೆ ಎಲ್ಲಕ್ಕಿಂತ ಹೆಚ್ಚು ದರ, ಒಬ್ಬನಿಗಾಗಿ ಬರೋ ಕಾರಿಗೆ ಎಲ್ಲಕ್ಕಿಂತ ಕಮ್ಮಿ! ವಾಹನ ದಟ್ಟಣೆ ಇಳಿಸೋಕೆ ಅಂತ ಮಾಡಿದ ದರಪಟ್ಟಿ ಇದು. ಟ್ಯಾಕ್ಸಿ ಚಾಲಕರು ರೊಚ್ಚಿಗೆದ್ದು ಪ್ರತಿಭಟನೆ ಮಾಡಿದರು. ಕಂಪೆನಿ ಕೆಲವೇ ದಿನಗಳಲ್ಲಿ ಅದನ್ನು ತಡೆಹಿಡಿಯಿತು. ಒಂದೂವರೆ ವರ್ಷ ಸುಮ್ಮನಿದ್ದು ಡಿಸೆಂಬರ್‌ನಲ್ಲಿ ಬೇರೆ ಅಂಗಿ ತೊಡಿಸಿ ತಂದರು. ಆಗಲೂ ಚಾಲಕರು ಬೀದಿಗೆ ಬಂದರು.

ಚಾಲಕರ ದೂರಿನಲ್ಲಿ ಹುರುಳಿದೆ. ಹಳದಿ ಬೋರ್ಡು ಹಾಕಿಸಿಕೊಂಡವನು ಪರ್ಮಿಟ್ಟು ಕಟ್ಟುತ್ತಾನೆ, ಬಾಡಿಗೆ ಗಾಡಿಯ ತೆರಿಗೆ ಕಟ್ಟುತ್ತಾನೆ, ಕಾಲಕಾಲಕ್ಕೆ ಗಾಡಿ ತೋರಿಸಿ ಎಫ್‌.ಸಿ. ಮಾಡಿಸುತ್ತಾನೆ. ಬಿಳಿ ಬೋರ್ಡಿನಲ್ಲೇ ಕದ್ದು ಬಾಡಿಗೆ ಹೊಡೆಯೋನು ಇದ್ಯಾವುದನ್ನೂ ಮಾಡೋಲ್ಲ. ವಿಮಾನ ನಿಲ್ದಾಣದ ಬಾಗಿಲಲ್ಲಿ ಆದರ ಸಿಗೋದು ಯಾರಿಗೆ? ಎರಡನೆಯವನಿಗೆ. ಕಾನೂನು ಪಾಲಿಸಿದವನು ಅಂಗಳಕ್ಕೆ, ತಪ್ಪಿಸಿಕೊಂಡವನು ಹೊಸ್ತಿಲಿಗೆ. ಜಿಲ್ಲೆಯಿಂದ ಹೋಗೋ ಚಾಲಕನಿಗೆ ಇನ್ನೊಂದು ಸಂಕಟ. ಪಾರ್ಕಿಂಗ್ ದುಡ್ಡು ಬಾಡಿಗೆ ಮಾತಾಡೋವಾಗ ಲೆಕ್ಕಕ್ಕೆ ಬಂದಿರೋಲ್ಲ. ‘ಅಣ್ಣಾ, ಪಾರ್ಕಿಂಗ್ ನಿಮ್ದೇ’ ಅಂತ ಆಮೇಲೆ ಕೇಳಿದರೆ ಗಿರಾಕಿಯ ಮುಖ ಸಿಂಡರಿಸುತ್ತೆ. ಕೇಳದಿದ್ದರೆ ಕೈಯಿಂದ ಹೋಗುತ್ತೆ. ಅಂಗಡಿ ಇಟ್ಟೋರಿಗೆ ಈ ಕಷ್ಟ ಹೇಳಿಕೊಡಬೇಕಾಗಿಲ್ಲ.

ಕಂಪೆನಿಯ ವಾದ

ಹಾಗಂತ ಕಂಪೆನಿಯ ಮಾತೆಲ್ಲ ಬರೀ ಸಬೂಬು ಅಂತ ತಳ್ಳಿಹಾಕೋದೂ ಸರಿಯಲ್ಲ. 2024-25ರಲ್ಲಿ ಆ ನಿಲ್ದಾಣದಲ್ಲಿ ಓಡಾಡಿದ ಪ್ರಯಾಣಿಕರು ಸುಮಾರು 4 ಕೋಟಿ 18 ಲಕ್ಷ. ಇಷ್ಟು ಜನರಿಗೆ ಬೇಕಾದ ಗಾಡಿಗಳು ಒಂದೇ ಉದ್ದದ ಲೇನಿನಲ್ಲಿ ನಿಲ್ಲಬೇಕು. ಆ ಲೇನು ರಬ್ಬರಲ್ಲ, ಎಳೆದರೆ ಹಿಗ್ಗೋಲ್ಲ. ಒಂದು ಕಾರು ಇಪ್ಪತ್ತು ನಿಮಿಷ ನಿಂತರೆ ಅದೇ ಜಾಗದಲ್ಲಿ ಐದು ನಿಮಿಷದಂತೆ ನಾಲ್ಕು ಕಾರು ಬಂದು ಹೋಗಬಹುದಿತ್ತು. ಎಚ್ಚರಿಕೆ ದೀಪ ಹಾಕಿ ಡ್ರೈವರು ಸಿಗರೇಟು ಸೇದೋಕೆ ಹೋದ ಗಾಡಿಗಳನ್ನು ಅಲ್ಲಿಗೆ ಹೋದ ಎಲ್ಲರೂ ನೋಡಿದ್ದಾರೆ. ಗಿರಾಕಿ ಹಿಡಿಯೋಕೆ ಬಾಗಿಲಲ್ಲೇ ಠಳಾಯಿಸೋ ಟ್ಯಾಕ್ಸಿಯವರೂ ಇದ್ದಾರೆ, ಊರ ಹೆಣ್ಣುಮಗಳು ಒಬ್ಬಳೇ ಬಂದಿಳಿದರೆ ‘ಮೇಡಂ ಟ್ಯಾಕ್ಸಿ, ಮೇಡಂ ಟ್ಯಾಕ್ಸಿ’ ಅಂತ ಸುತ್ತುವರಿಯೋರು. ಅವರಿಗೆ ಕಡಿವಾಣ ಬೇಡ ಅಂತ ಯಾರೂ ಹೇಳೋಲ್ಲ.

ಗಾಂಧಿಬಜಾರಿನಲ್ಲೋ, ಚಿಕ್ಕಬಳ್ಳಾಪುರದ ಬಜಾರು ರಸ್ತೆಯಲ್ಲೋ ಅಂಗಡಿ ಇರೋನನ್ನು ಕೇಳಿ. ಅಂಗಡಿ ಮುಂದೆ ಯಾರೋ ಇಡೀ ದಿನ ಸ್ಕೂಟರು ನಿಲ್ಲಿಸಿ ಹೋದರೆ ಅವನ ಹೊಟ್ಟೆ ಉರಿಯುತ್ತೆ. ನಿಲ್ಲೋದಕ್ಕೆ ಮಿತಿ ಬೇಕು ಅನ್ನೋ ಮಾತು ಅವನಿಗೂ ಒಪ್ಪಿಗೆಯೇ. ಆದರೆ ಅವನು ಸ್ಕೂಟರಿನ ಬಣ್ಣ ನೋಡಿ ಬೈಯೋಲ್ಲ. ಎಷ್ಟು ಹೊತ್ತು ನಿಂತಿದೆ ಅಂತ ನೋಡುತ್ತಾನೆ. ಜಾಗ ಕೊಳ್ಳೆ ಹೊಡೆಯೋದು ನಿಮಿಷವೇ ಹೊರತು ಬಣ್ಣ ಅಲ್ಲ. ನಾಲ್ಕು ನಿಮಿಷದಲ್ಲಿ ಅಜ್ಜಿಯನ್ನು ಹತ್ತಿಸಿಕೊಂಡು ಹೋಗೋ ಹಳದಿ ಬೋರ್ಡಿಗೂ ಹನ್ನೆರಡು ನಿಮಿಷ ನಿಲ್ಲೋ ಬಿಳಿ ಬೋರ್ಡಿಗೂ ಒಂದೇ ಗಡಿಯಾರ ಕಟ್ಟಿದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತೆ. ಯಾರನ್ನೋ ಕರೆಯೋಕೆ ಬಂದ ಟ್ಯಾಕ್ಸಿ ಬೇರೆ, ಗಿರಾಕಿ ಹುಡುಕೋ ಟ್ಯಾಕ್ಸಿ ಬೇರೆ. ಎರಡಕ್ಕೂ ಹಳದಿ ಬಣ್ಣ ಇದೆ ಅಂತ ಒಂದೇ ಹಗ್ಗದಲ್ಲಿ ಕಟ್ಟಿದ್ದಾರೆ.

ಇನ್ನು ದುಡ್ಡು ಎಲ್ಲಿಗೆ ಹೋಗುತ್ತೆ ಅನ್ನೋ ಪ್ರಶ್ನೆ. ಬಸ್ ಸ್ಟ್ಯಾಂಡಿನಲ್ಲಿ ಕೇಳಿದರೆ ‘ಎಲ್ಲಾ ಸರ್ಕಾರಕ್ಕೆ’ ಅಂತಾರೆ. ಅದು ತಪ್ಪು. 2008ರ ಮೇ ತಿಂಗಳಲ್ಲಿ ಶುರುವಾದ ಈ ನಿಲ್ದಾಣ ನಡೆಸೋದು ಕಂಪೆನಿ. ಅದರಲ್ಲಿ ರಾಜ್ಯ ಸರ್ಕಾರದ ಕೈಗಾರಿಕಾ ನಿಗಮಕ್ಕೆ ನೂರಕ್ಕೆ 13 ಪಾಲು, ಕೇಂದ್ರದ ವಿಮಾನ ನಿಲ್ದಾಣ ಪ್ರಾಧಿಕಾರಕ್ಕೆ 13 ಪಾಲು. ಉಳಿದದ್ದರಲ್ಲಿ ದೊಡ್ಡ ಪಾಲು ಕೆನಡಾದ ಫೇರ್‌ಫ್ಯಾಕ್ಸ್ ಸಮೂಹದ ಕೈಲಿದೆ. ನಿಲ್ದಾಣ ನಿಂತಿರೋ ಸುಮಾರು 4,000 ಎಕರೆ ಮಾತ್ರ ಕೆನಡಾದಿಂದ ಬಂದದ್ದಲ್ಲ. ದೇವನಹಳ್ಳಿ ಸುತ್ತಿನ ನೆಲ, ಸರ್ಕಾರ ರೈತರಿಂದ ತೆಗೆದುಕೊಂಡು ಕೊಟ್ಟದ್ದು. ಇವತ್ತು ಆ ರೈತರ ಮಕ್ಕಳಲ್ಲಿ ಕೆಲವರು ಅದೇ ನೆಲದ ಮೇಲೆ ಹಳದಿ ಬೋರ್ಡಿನ ಗಾಡಿ ಓಡಿಸುತ್ತಾರೆ.

ವಿಮಾನ ನಿಲ್ದಾಣದ ದರಗಳಿಗೆ ಕಾವಲುಗಾರ ಒಬ್ಬನಿದ್ದಾನೆ. 2008ರ ಕಾಯ್ದೆಯಡಿ ಹುಟ್ಟಿದ ವಿಮಾನ ನಿಲ್ದಾಣ ಆರ್ಥಿಕ ನಿಯಂತ್ರಣ ಪ್ರಾಧಿಕಾರ. ವಿಮಾನ ಇಳಿಸೋದಕ್ಕೆ ಎಷ್ಟು, ಪ್ರಯಾಣಿಕನ ಟಿಕೆಟ್ಟಿನಲ್ಲಿ ಸೇರೋ ಬಳಕೆದಾರ ಶುಲ್ಕ ಎಷ್ಟು, ಇದನ್ನೆಲ್ಲ ಅದು ಕಾಗದಪತ್ರ ತರಿಸಿ, ಎಲ್ಲರ ಅಭಿಪ್ರಾಯ ಕೇಳಿ, ಆದೇಶ ಹೊರಡಿಸಿ ಗೊತ್ತು ಮಾಡುತ್ತೆ. ಪಾರ್ಕಿಂಗಿನ ದುಡ್ಡು, ಒಳಗಿನ ಅಂಗಡಿ ಬಾಡಿಗೆ, ಜಾಹೀರಾತಿನ ವರಮಾನ ಇವೆಲ್ಲ ಬೇರೆ ಕಟ್ಟು. ಅವಕ್ಕೆ ಅಂಥ ವಿಚಾರಣೆ ಇಲ್ಲ. ವಿಮಾನದೊಳಗೆ ಕೂರೋನ ಮೇಲೆ ಹಾಕೋ ದರಕ್ಕೆ ಸಾರ್ವಜನಿಕ ಸಭೆ, ಹೊರಗೆ ಕಾಯೋನ ಮೇಲೆ ಹಾಕೋ ದರಕ್ಕೆ ಒಂದು ಪ್ರಕಟಣೆ ಸಾಕು.

ಅದಕ್ಕಿಂತ ಸ್ವಾರಸ್ಯದ ಸಂಗತಿ ಮುಂದಿದೆ. 2016ರ ವಿಮಾನಯಾನ ನೀತಿಯ ಪ್ರಕಾರ, ಈ ಬೇರೆ ಕಟ್ಟಿನ ವರಮಾನದಲ್ಲಿ ನೂರಕ್ಕೆ 30ರಷ್ಟನ್ನು ಲೆಕ್ಕಕ್ಕೆ ಹಿಡಿದು, ವಿಮಾನದ ಕಡೆಯ ದರಗಳನ್ನು ಅಷ್ಟರಮಟ್ಟಿಗೆ ಇಳಿಸಬೇಕು. ಉಳಿದ 70 ನಿಲ್ದಾಣದವರಿಗೆ. ಬಿಡಿಸಿ ಹೇಳಿದರೆ, ಚಿಂತಾಮಣಿಯಿಂದ ಅಕ್ಕನನ್ನು ಕರೆಯೋಕೆ ಬಂದ ತಮ್ಮ ಕಟ್ಟಿದ ದುಡ್ಡಿನಲ್ಲಿ ಒಂದಿಷ್ಟು, ತಾನು ಎಂದೂ ಹತ್ತದ ವಿಮಾನದ ಪ್ರಯಾಣಿಕರ ಶುಲ್ಕ ಕಮ್ಮಿ ಮಾಡೋಕೆ ಹೋಗುತ್ತೆ. ಹೆಚ್ಚಿನ ಪಾಲು ಕಂಪೆನಿಯ ಗಲ್ಲಾಪೆಟ್ಟಿಗೆಗೆ. ರಸ್ತೆಯ ದಟ್ಟಣೆ ಇಳಿಸೋ ಕೆಲಸಕ್ಕೇ ಅದನ್ನು ಖರ್ಚು ಮಾಡಬೇಕು, ಬಸ್ಸಿಗೆ ಹಾಕಬೇಕು ಅಂತ ಕಟ್ಟುಪಾಡು ಆ ನೀತಿಯಲ್ಲಿಲ್ಲ. ದಟ್ಟಣೆ ಹೆಸರಲ್ಲಿ ಎತ್ತಿದ ಹಣಕ್ಕೆ ದಟ್ಟಣೆಯ ನಂಟು ಅಲ್ಲಿಗೆ ಮುಗೀತು.

ರೈಲ್ವೆಯವರನ್ನು ನೋಡಿ. ಪ್ಲಾಟ್‌ಫಾರಂ ಟಿಕೆಟ್ಟು 10 ರೂಪಾಯಿ, ಎರಡು ಗಂಟೆ ಹೊತ್ತು. ಗಾಡಿ ಬರೋ ತನಕ ಬೆಂಚಿನ ಮೇಲೆ ಕೂತು, ಡಬ್ಬಿಯ ಬಾಗಿಲಿಗೇ ಹೋಗಿ ತಾಯಿಯ ಕೈ ಹಿಡಿದು ಇಳಿಸಬಹುದು. 2024ರ ಜೂನ್‌ನಲ್ಲಿ ಜಿಎಸ್‌ಟಿ ಮಂಡಳಿ ಪ್ಲಾಟ್‌ಫಾರಂ ಟಿಕೆಟ್ಟಿನ ಮೇಲಿನ ತೆರಿಗೆಯನ್ನೂ ತೆಗೆದುಹಾಕಲು ತೀರ್ಮಾನಿಸಿತು. ಅದೇ ಕೇಂದ್ರ ಸರ್ಕಾರದ ತೆರಿಗೆ ಪುಸ್ತಕದಲ್ಲಿ ವಾಹನ ನಿಲ್ಲಿಸೋ ಶುಲ್ಕಕ್ಕೆ ನೂರಕ್ಕೆ 18. ತಾಯಿ ರೈಲಿನಲ್ಲಿ ಬಂದರೆ ಮಗ ಕಾಯೋದಕ್ಕೆ ತೆರಿಗೆ ಇಲ್ಲ, ವಿಮಾನದಲ್ಲಿ ಬಂದರೆ ಇದೆ! ವಿಮಾನ ನಿಲ್ದಾಣದ ಒಳಗೆ ಬಿಡೋದೇ ಟಿಕೆಟ್ಟು ಇದ್ದವರನ್ನು. ಭದ್ರತೆಯ ಕಾರಣ, ಒಪ್ಪೋಣ. ಒಳಗೆ ಬಿಡೋಲ್ಲ, ಹೊರಗೆ ನಿಲ್ಲೋಹಾಗಿಲ್ಲ, ಹಾಗಾದರೆ ಕರೆಯೋಕೆ ಬಂದ ಮನುಷ್ಯ ಇರಬೇಕಾದದ್ದು ಎಲ್ಲಿ?

ಲಂಡನ್ನಿನ ಪಾಠ

ಈ ರೋಗ ನಮ್ಮಲ್ಲಿ ಹುಟ್ಟಿದ್ದಲ್ಲ ಅನ್ನೋದೂ ನಿಜ. ಇಂಗ್ಲೆಂಡಿನಲ್ಲಿ ಮಕ್ಕಳಿರೋ ಮನೆಯವರಿಗೆ ಇದು ಗೊತ್ತೇ ಇದೆ. ಲಂಡನ್ನಿನ ಹೀಥ್ರೂ ವಿಮಾನ ನಿಲ್ದಾಣದಲ್ಲಿ 2021ರ ನವೆಂಬರ್‌ನಿಂದ ಪ್ರಯಾಣಿಕನನ್ನು ಬಾಗಿಲಿಗೆ ಬಿಡೋದಕ್ಕೇ 5 ಪೌಂಡ್. 2025ರ ಜನವರಿಯಲ್ಲಿ 6 ಆಯಿತು. ಗ್ಯಾಟ್ವಿಕ್‌ನಲ್ಲಿ 2021ರಲ್ಲಿ 5 ಇದ್ದದ್ದು 2025ರ ಮೇ ತಿಂಗಳಿಗೆ 7 ಆಯಿತು. ಅಲ್ಲಿ ಎಂಟು ನಿಮಿಷದ ದಾಕ್ಷಿಣ್ಯವೂ ಇಲ್ಲ. ಹೀಥ್ರೂವಿನಲ್ಲಿ ಗೇಟಿಲ್ಲ, ಗುಮಾಸ್ತನಿಲ್ಲ, ಕ್ಯಾಮೆರಾ ನಂಬರು ಪ್ಲೇಟು ಓದಿಕೊಳ್ಳುತ್ತೆ. ಮಾರನೇ ದಿನ ಮಧ್ಯರಾತ್ರಿಯೊಳಗೆ ಕಟ್ಟಬೇಕು. ಮರೆತರೆ ಮನೆಗೆ 80 ಪೌಂಡಿನ ದಂಡದ ಚೀಟಿ, ಬೇಗ ಕಟ್ಟಿದರೆ ಅರ್ಧ ರಿಯಾಯಿತಿ.

ಇದನ್ನು ತೋರಿಸಿ ‘ನೋಡಿ, ಅಲ್ಲೆಲ್ಲ ಇನ್ನೂ ಜಾಸ್ತಿ’ ಅನ್ನೋರು ಪೂರ್ತಿ ಹೇಳೋಲ್ಲ. ಅದೇ ಹೀಥ್ರೂವಿನಲ್ಲಿ ದೂರದ ಪಾರ್ಕಿಂಗಿಗೆ ಹೋಗಿ ಇಳಿಸಿದರೆ ಕಾಸು ಕೇಳೋಲ್ಲ, ಅಲ್ಲಿಂದ ಟರ್ಮಿನಲ್‌ಗೆ ಬಿಟ್ಟಿ ಬಸ್ಸು. ಊರಿಂದ ನಿಲ್ದಾಣದ ಹೊಟ್ಟೆಯೊಳಗೇ ನೆಲದಡಿ ರೈಲು. ಅಂದರೆ ಕಟ್ಟದೆ ಹೋಗೋಕೂ ದಾರಿ ಇಟ್ಟು, ಆಮೇಲೆ ಬಾಗಿಲಿಗೆ ಬೆಲೆ ಕಟ್ಟಿದರು. ಅಮೆರಿಕದ ಅನೇಕ ವಿಮಾನ ನಿಲ್ದಾಣಗಳಲ್ಲಿ ಕರೆಯೋಕೆ ಬಂದವರಿಗೆ ಅಂತಲೇ ಟರ್ಮಿನಲ್‌ನಿಂದ ಸ್ವಲ್ಪ ದೂರದಲ್ಲಿ ಪುಕ್ಕಟೆ ಅಂಗಳ ಇದೆ. ಗಾಡಿಯಲ್ಲೇ ಕೂತು ಕಾಯಬೇಕು. ‘ಪೆಟ್ಟಿಗೆ ಸಿಕ್ತು, ಹೊರಗೆ ಬಂದೆ’ ಅಂತ ಫೋನು ಬಂದ ಮೇಲೆ ಬಾಗಿಲಿಗೆ ಹೋಗೋದು. ಎರಡು ನಿಮಿಷದಲ್ಲಿ ಕೆಲಸ ಮುಗಿಯುತ್ತೆ, ದಂಡವೂ ಬೇಡ, ಜಗಳವೂ ಬೇಡ. ಅದಕ್ಕೆ ಖರ್ಚು ಬರೋದು ಒಂದು ಬಯಲು, ಒಂದು ಶೌಚಾಲಯ, ಒಂದು ವಿಮಾನಗಳ ಹೊತ್ತು ತೋರಿಸೋ ಬೋರ್ಡು. 4,000 ಎಕರೆಯಲ್ಲಿ ಅಷ್ಟು ಬಯಲು ಹುಡುಕಲಾರದಷ್ಟು ಕಷ್ಟವೇ?

ಅಂಥ ಜಾಗ ಇಲ್ಲದ ಕಡೆ ಏನಾಗುತ್ತೆ ಅನ್ನೋದನ್ನು ಹೆದ್ದಾರಿಯಲ್ಲಿ ಓಡಾಡೋ ಬಸ್ಸಿನವರೇ ಹೇಳುತ್ತಾರೆ. ರಾತ್ರಿ ಹೊತ್ತು ಸಾದಹಳ್ಳಿ ಆಸುಪಾಸು, ಸರ್ವಿಸ್ ರಸ್ತೆಯ ಅಂಚು, ಟೀ ಅಂಗಡಿ, ಪೆಟ್ರೋಲ್ ಬಂಕಿನ ಮುಂದೆ ಕಾರುಗಳು ಸಾಲುಗಟ್ಟಿ ನಿಂತಿರುತ್ತವೆ. ಒಳಗೆ ಕೂತವರ ಕಣ್ಣು ಫೋನಿನ ಮೇಲೆ. ಕಂಪೆನಿಯ ಅಂಗಳದಲ್ಲಿದ್ದ ದಟ್ಟಣೆ ಸಾರ್ವಜನಿಕ ರಸ್ತೆಗೆ ಬಂತು, ಅಷ್ಟೆ. ಲೇನು ಖಾಲಿಯಾದ ಲಾಭ ಕಂಪೆನಿಗೆ, ರಸ್ತೆ ಅಂಚಿನ ಅಪಾಯ ಊರಿಗೆ. ಪೊಲೀಸರು ಬಂದು ದಂಡ ಹಾಕಿದರೆ ಅದೂ ಕಾಯೋನ ತಲೆಗೇ. ಟೀ ಅಂಗಡಿಯವನಿಗೆ ನಾಲ್ಕು ಕಾಸು ಜಾಸ್ತಿ ಆಗಿರಬಹುದು, ಅದೊಂದು ಒಳ್ಳೆಯದು.

ಹಾಗಾದರೆ ಕಾರೇ ಯಾಕೆ, ಬಸ್ಸಿಗೆ ಹೋಗಬಾರದೇ ಅನ್ನೋದು ಬೆಂಗಳೂರಿನವರ ಪ್ರಶ್ನೆ. ಅವರಿಗೆ ಅದು ಸರಿ. ಬಿಎಂಟಿಸಿಯ ವಾಯು ವಜ್ರ ಮೆಜೆಸ್ಟಿಕ್‌ನಿಂದ, ಎಲೆಕ್ಟ್ರಾನಿಕ್ ಸಿಟಿಯಿಂದ, ಬನಶಂಕರಿಯಿಂದ ಟರ್ಮಿನಲ್ ಬಾಗಿಲಿಗೇ ಹೋಗುತ್ತೆ. ಮೈಸೂರಿನವರಿಗೆ ಕೆಎಸ್‌ಆರ್‌ಟಿಸಿಯ ಫ್ಲೈ ಬಸ್ ಇದೆ, ಬೆಂಗಳೂರಿನೊಳಗೆ ಇಳಿದು ಹತ್ತೋ ತಾಪತ್ರಯ ಇಲ್ಲದೆ ನೇರ ಬಂದಿಳಿಯುತ್ತಾರೆ. ಅಷ್ಟು ದೂರದ ಮೈಸೂರಿಗೆ ಇರೋ ಸೌಕರ್ಯ ಬೇಲಿ ಪಕ್ಕದ ಚಿಂತಾಮಣಿ, ಬಾಗೇಪಲ್ಲಿ, ಗೌರಿಬಿದನೂರಿಗೆ ಯಾಕಿರಬಾರದು ಅಂತ ಕೇಳಬೇಕಾದ ಶಾಸಕರು ದರ ಏರಿಕೆ ಬಗ್ಗೆ ಒಂದು ಹೇಳಿಕೆ ಕೊಟ್ಟು ಸುಮ್ಮನಾದರೆ ಸಾಲದು. ಚಿಕ್ಕಬಳ್ಳಾಪುರದಿಂದ ಬೆಂಗಳೂರಿಗೆ ಹೋಗೋ ಮಾಮೂಲಿ ಬಸ್ಸು ವಿಮಾನ ನಿಲ್ದಾಣದ ಒಳಗೆ ತಿರುಗೋಲ್ಲ. ಹೆದ್ದಾರಿಯಲ್ಲಿ ಇಳಿಸಿ ಮುಂದೆ ಹೋಗುತ್ತೆ. ಅಲ್ಲಿಂದ ಟರ್ಮಿನಲ್‌ಗೆ ಇನ್ನೂ ಕೆಲವು ಕಿಲೋಮೀಟರು. ಎರಡು ಪೆಟ್ಟಿಗೆ ಹಿಡಿದು ಆ ರಸ್ತೆ ಅಂಚಿನಲ್ಲಿ ನಿಂತೋರ ಪಾಡು ನೋಡೋಕಾಗೋಲ್ಲ.

ರೈಲಿನ ಕಥೆ ಇನ್ನೂ ಚಂದ. ಯಲಹಂಕದಿಂದ ದೇವನಹಳ್ಳಿ ಮೇಲೆ ಚಿಕ್ಕಬಳ್ಳಾಪುರಕ್ಕೆ ಬರೋ ಹಳಿ ನಿಲ್ದಾಣದ ಗೋಡೆ ಪಕ್ಕವೇ ಹಾದುಹೋಗುತ್ತೆ. 2021ರ ಜನವರಿಯಲ್ಲಿ ಅಲ್ಲೊಂದು ಹಾಲ್ಟ್ ಸ್ಟೇಷನ್ ತೆರೆದರು. ಜಿಲ್ಲೆಯ ಜನ ಹಿಗ್ಗಿದರು. ನಿಲ್ಲೋ ಗಾಡಿಗಳು ಬೆರಳೆಣಿಕೆ, ಅವುಗಳ ವೇಳೆಗೂ ವಿಮಾನಗಳ ವೇಳೆಗೂ ಹೊಂದಿಕೆ ಇಲ್ಲ. ಹೊರದೇಶದ ವಿಮಾನಗಳಲ್ಲಿ ಬಹಳಷ್ಟು ನಡುರಾತ್ರಿ, ಬೆಳಗಿನ ಜಾವ ಬಂದು ಹೋಗುತ್ತವೆ. ಆ ಹೊತ್ತಿನಲ್ಲಿ ಹಾಲ್ಟಿನಲ್ಲಿ ಇಳಿಯೋಕೆ ಗಾಡಿಯೇ ಇಲ್ಲ. ಬೆಂಗಳೂರಿನಿಂದ ಬರೋ ಮೆಟ್ರೋ ಮಾರ್ಗಕ್ಕೆ 2021ರಲ್ಲೇ ಕೇಂದ್ರದ ಒಪ್ಪಿಗೆ ಸಿಕ್ಕಿ ಕಂಬಗಳು ಎದ್ದಿವೆ. ಅದು ಓಡಿದ ದಿನವೂ ಅನುಕೂಲ ಆಗೋದು ದಕ್ಷಿಣದ ಕಡೆಯಿಂದ ಬರೋರಿಗೆ. ಉತ್ತರದ ಈ ಜಿಲ್ಲೆಯವರು ಆಗಲೂ ಬಾಡಿಗೆ ಕಾರೇ ಮಾಡಬೇಕು, ಹಳದಿ ಬೋರ್ಡಿನದೇ.

ಕಂಪೆನಿಯ ಆಡಳಿತ ಮಂಡಳಿಯಲ್ಲಿ ಸರ್ಕಾರದ ಕಡೆಯವರೂ ಕೂರುತ್ತಾರೆ. ನೂರಕ್ಕೆ 26 ಪಾಲು ಇಟ್ಟುಕೊಂಡವರಿಗೆ ದರವನ್ನೇ ರದ್ದು ಮಾಡಿಸೋ ಶಕ್ತಿ ಇರಲಿ ಬಿಡಲಿ, ಮೂರು ಮಾತು ಕೇಳೋ ಹಕ್ಕಂತೂ ಇದೆ. ಗಡಿಯಾರ ಎಲ್ಲಾ ಬೋರ್ಡಿಗೂ ಒಂದೇ ಇರಲಿ ಅನ್ನೋದು ಒಂದು. ಕಾಯೋರಿಗೆ ಬಿಟ್ಟಿ ಬಯಲು ಕೊಡಿ ಅನ್ನೋದು ಇನ್ನೊಂದು. ಗಾಲಿಕುರ್ಚಿಯಲ್ಲಿ ಬರೋರು, ಮುದುಕರು, ಹಸುಗೂಸಿನ ತಾಯಂದಿರು ಇದ್ದ ಗಾಡಿಗೆ ನಿಮಿಷ ಎಣಿಸಬೇಡಿ ಅನ್ನೋದು ಮೂರನೆಯದು. ಇದರಲ್ಲಿ ಯಾವುದಕ್ಕೂ ಕಂಪೆನಿ ದಿವಾಳಿ ಏಳೋಲ್ಲ. ಬಳಕೆದಾರ ಶುಲ್ಕಕ್ಕೆ ನಡೆಯೋ ಹಾಗೆ ಈ ದರಕ್ಕೂ ಒಂದು ಬಹಿರಂಗ ವಿಚಾರಣೆ ಇಡಿ ಅಂತ ದೆಹಲಿಯಲ್ಲಿ ಕೇಳೋ ಕೆಲಸ ಸಂಸದರದು.

ಅಲ್ಲಿಯ ತನಕ ಹೋಗೋರಿಗೆ ಗೊತ್ತಿರಬೇಕಾದದ್ದು ಇಷ್ಟು. ವಿಮಾನ ಇಳಿದ ಹೊತ್ತಿಗೆ ಲೇನಿಗೆ ಹೋಗಬೇಡಿ. ಹೊರದೇಶದಿಂದ ಬಂದೋರಿಗೆ ಪಾಸ್‌ಪೋರ್ಟ್ ತಪಾಸಣೆ, ಪೆಟ್ಟಿಗೆ, ಕಸ್ಟಮ್ಸ್ ಮುಗಿಸಿ ಹೊರಬರೋಕೆ ಮುಕ್ಕಾಲು ಗಂಟೆಯೋ ಒಂದು ಗಂಟೆಯೋ ಹಿಡಿಯೋದುಂಟು. ಬರೋರ ಟಿಕೆಟ್ಟಿನಲ್ಲಿ ಟರ್ಮಿನಲ್ ಒಂದೋ ಎರಡೋ ಅಂತ ಮೊದಲೇ ಕೇಳಿಟ್ಟುಕೊಳ್ಳಿ. ಗಾಜಿನ ಬಾಗಿಲು ಅನ್ನಬೇಡಿ, ಕಂಬದ ಮೇಲಿನ ನಂಬರು ಓದಿ ಹೇಳಿ ಅಂತ ಮನೆಯ ಹಿರಿಯರಿಗೆ ಹೊರಡೋ ಮುಂಚೆಯೇ ಹೇಳಿಕೊಟ್ಟಿರಿ. ಬಾಡಿಗೆ ಮಾತಾಡೋವಾಗ ಪಾರ್ಕಿಂಗ್ ಯಾರದ್ದು ಅಂತ ಸ್ಟ್ಯಾಂಡಿನಲ್ಲೇ ತೀರ್ಮಾನವಾಗಲಿ. ಎರಡು ವರ್ಷದೊಳಗೆ ಎರಡು ಸಲ ನಿಯಮ ಬದಲಾದದ್ದನ್ನು ನೋಡಿದರೆ, ಹೋದ ಸಲ ಕಟ್ಟಿದ ಲೆಕ್ಕವೇ ಈ ಸಲವೂ ಅಂತ ನಂಬಿ ಹೋಗೋಹಾಗಿಲ್ಲ. ಒಳಗೆ ನುಗ್ಗೋ ಮುಂಚೆ ಗೇಟಿನ ಹತ್ತಿರದ ದರದ ಬೋರ್ಡು ಓದಿಕೊಳ್ಳಿ, ಗೇಟಿನಲ್ಲಿ ಕೊಟ್ಟ ಚೀಟಿಯಲ್ಲಿ ಒಳಹೋದ ಹೊತ್ತು ಎಷ್ಟಿದೆ ಅಂತ ಒಮ್ಮೆ ಕಣ್ಣು ಹಾಯಿಸಿ ಜೇಬಿಗೆ ಹಾಕಿಕೊಳ್ಳಿ.